ಎಸಿ ಕೆಲಸ

ನನ್ನ ತಮ್ಮ 1999ರಲ್ಲಿ ದಮ್ಮಾಮ್‌ಗೆ ಹೋದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ಏನು ಕೆಲಸ?" ಉಮ್ಮ ಎದೆಯುಬ್ಬಿಸಿ ಹೇಳುತ್ತಿದ್ದರು, "ಎಸಿ ಕೆಲಸ." ಕೇಳಿದವರ ಮುಖದಲ್ಲಿ ಒಂದು ಬಗೆಯ ಗೌರವ ಮೂಡುತ್ತಿತ್ತು. ಪಾಣೆಮಂಗಳೂರಿನ ನಮ್ಮ ಹಂಚಿನ ಮನೆಯಲ್ಲಿ ಒಂದೇ ಒಂದು ಸೀಲಿಂಗ್ ಫ್ಯಾನ್ ಇದ್ದ ಕಾಲ ಅದು. ಎಸಿ ಕೆಲಸವೆಂದರೆ ತಂಪಾದ ಕೋಣೆಯೊಳಗೆ ಕುಳಿತು ಮಾಡುವ ಕೆಲಸವೆಂದೇ ನಾವು ತಿಳಿದಿದ್ದೆವು. ನಾನು ಓದಿದವಳು, ಹೈಸ್ಕೂಲು ಟೀಚರು. ನಾನೂ ಹಾಗೆಯೇ ತಿಳಿದಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅದು ಏನು ಕೆಲಸವೆಂದು ನನಗೆ ಗೊತ್ತಾದದ್ದು ಇಪ್ಪತ್ತೈದು ವರ್ಷಗಳ ನಂತರ, 2024ರ ಏಪ್ರಿಲ್‌ನಲ್ಲಿ. ಅದೂ ನಮ್ಮ ಮನೆಯ ಎಸಿ ಕೆಟ್ಟು ಹೋದದ್ದರಿಂದ.

ಉಮ್ಮನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದು ಹೋದ ಮೇಲೆ ನಾವು ಅವರನ್ನು ಮಂಗಳೂರಿನ ನಮ್ಮ ಫ್ಲ್ಯಾಟಿಗೆ ಕರೆತಂದೆವು. ನಾಲ್ಕನೇ ಮಹಡಿ. ಪಶ್ಚಿಮಕ್ಕೆ ಮುಖ ಮಾಡಿದ ಕೋಣೆ. ಮಧ್ಯಾಹ್ನ ಎರಡರ ಮೇಲೆ ಗೋಡೆ ಮುಟ್ಟಿದರೆ ಬಿಸಿ ಕಾವಲಿಯಂತಿರುತ್ತದೆ. ಮಲಗಿದಲ್ಲೇ ಇರುವವರಿಗೆ ಬೆವರು ದೊಡ್ಡ ಶತ್ರು. ಬೆನ್ನು ಒದ್ದೆಯಾಗಿಯೇ ಇದ್ದರೆ ಚರ್ಮ ಸುಲಿದು ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಒಣಗಿಸಿಡಿ, ಕೋಣೆ ತಂಪಾಗಿರಲಿ ಎಂದು ಡಾಕ್ಟರು ಹೇಳಿದ್ದರು. ತಮ್ಮ ರಜೆಗೆ ಬಂದಿದ್ದಾಗ ಕೊಡಿಸಿದ್ದ ಒಂದೂವರೆ ಟನ್ನಿನ ಎಸಿ ಆ ಕೋಣೆಯಲ್ಲಿತ್ತು. ಅದನ್ನು ನಾವು ಐಷಾರಾಮ ಎಂದುಕೊಂಡಿದ್ದೆವು. ಉಮ್ಮ ಬಂದ ಮೇಲೆ ಅದು ಔಷಧಿಯಾಯಿತು.

ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಕಲಬುರಗಿಯವರು ನಮ್ಮ ಮೂವತ್ತೈದು ಡಿಗ್ರಿಯನ್ನು ಕೇಳಿ ನಗಬಹುದು. ಆದರೆ ನಮ್ಮಲ್ಲಿ ಸೆಖೆ ಇರುವುದು ಬಿಸಿಲಿನಲ್ಲಲ್ಲ, ಗಾಳಿಯ ನೀರಿನಲ್ಲಿ. ಬೆವರು ಆರುವುದೇ ಇಲ್ಲ. ಅಂದ ಹಾಗೆ, ಈ ಯಂತ್ರ ಹುಟ್ಟಿದ್ದೂ ಮನುಷ್ಯರನ್ನು ತಂಪು ಮಾಡಲು ಅಲ್ಲವಂತೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವವನ್ನು ಹಿಡಿತಕ್ಕೆ ತರಲೆಂದು ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಈ ವ್ಯವಸ್ಥೆಯನ್ನು ರೂಪಿಸಿದರು. ಕಾಗದಕ್ಕೆ ಮಾಡಿದ್ದು ಮನುಷ್ಯನ ಬೆನ್ನಿಗೂ ಬೇಕಾಯಿತು.

ಏಪ್ರಿಲ್‌ನ ಒಂದು ರಾತ್ರಿ ಎಸಿ ಬರೀ ಗಾಳಿ ಬೀಸತೊಡಗಿತು. ತಂಪಿಲ್ಲ. ಬೆಳಿಗ್ಗೆ ಕಂಪೆನಿಯ ನಂಬರಿಗೆ ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ, ಕೊನೆಗೆ ಒಂದು ದೂರು ಸಂಖ್ಯೆ ಸಿಕ್ಕಿತು. ನಾಲ್ಕು ದಿನ ಬಿಟ್ಟು ಬರುತ್ತಾರೆ ಎಂದರು. ಬೇಸಿಗೆಯಲ್ಲಿ ಎಲ್ಲರಿಗೂ ಹಾಗೆಯೇ. ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾರೆ ಎಂದು ಹೇಳಿದೆ. ಆ ಕಡೆಯ ಹುಡುಗಿ ಪಾಪ, "ನೋಟ್ ಮಾಡ್ಕೊಂಡಿದೀನಿ ಮೇಡಂ" ಎಂದಳು.

ನಾಲ್ಕು ದಿನ ಕಾಯಲು ಧೈರ್ಯ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಒಂದು ಗಂಟೆಯಲ್ಲಿ ಬರುತ್ತೇವೆ ಎನ್ನುವ ನಂಬರುಗಳು ಬೇಕಾದಷ್ಟಿದ್ದವು. ಒಬ್ಬ ಹುಡುಗ ಬಂದ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿರಬಹುದು. ಹಿಂದಿ ಮಾತಾಡುತ್ತಿದ್ದ. ಹೆಗಲಲ್ಲಿ ಒಂದು ಚೀಲ, ಕೈಯಲ್ಲೊಂದು ಸಣ್ಣ ಸಿಲಿಂಡರ್. ಒಳಗಿನ ಯಂತ್ರಕ್ಕೆ ಕೈ ಹಿಡಿದು ನೋಡಿದವನೇ "ಗ್ಯಾಸ್ ಖಾಲಿ, ಮೂರೂವರೆ ಸಾವಿರ" ಎಂದ. ಆಗಲಿ ಎಂದೆ. ಅವನು ಕಿಟಕಿ ತೆಗೆದು ಹೊರಗೆ ಸನ್‌ಶೇಡಿಗೆ ಇಳಿದ. ಹೊರಗಿನ ಯಂತ್ರ ಎರಡು ಕಬ್ಬಿಣದ ತುಂಡುಗಳ ಮೇಲೆ ಗೋಡೆಯಲ್ಲಿ ನೇತಾಡುತ್ತಿದೆಯಲ್ಲ, ಅಲ್ಲಿಗೆ. ಒಂದು ಕೈಯಲ್ಲಿ ಕಿಟಕಿಯ ಚೌಕಟ್ಟು, ಇನ್ನೊಂದರಲ್ಲಿ ಪಾನ. ಕೆಳಗೆ ನಾಲ್ಕು ಮಹಡಿ, ಅದರ ಕೆಳಗೆ ಇಂಟರ್‌ಲಾಕ್ ಹಾಕಿದ ಅಂಗಳ. ನಾನು ಉಮ್ಮನ ಬೆನ್ನಿಗೆ ಪೌಡರ್ ಹಾಕುತ್ತಿದ್ದೆ. ಅವನ ಕಾಲು ನೋಡಿದೆ, ಹವಾಯಿ ಚಪ್ಪಲಿ. "ಜಾಗ್ರತೆ" ಎಂದು ಹೇಳಿದೆ. ಅಷ್ಟೇ.

ಇಪ್ಪತ್ತು ನಿಮಿಷದಲ್ಲಿ ಕೋಣೆ ತಂಪಾಯಿತು. ಒಂಬತ್ತನೇ ದಿನ ಮತ್ತೆ ಬಿಸಿ ಗಾಳಿ. ಈ ನಡುವೆ ಕಂಪೆನಿಯವರು ಫೋನ್ ಮಾಡಿದ್ದಾಗ, ಸರಿಯಾಗಿದೆ ಬೇಡ ಎಂದು ನಾನೇ ದೂರು ರದ್ದು ಮಾಡಿಸಿದ್ದೆ! ಅದೇ ಹುಡುಗನನ್ನು ಕರೆದೆ. ಈ ಸಲ ಅವನು ಇಳಿಯಲೂ ಇಲ್ಲ. "ಕಂಪ್ರೆಸರ್ ಹೋಗಿದೆ, ಹದಿನಾಲ್ಕು ಸಾವಿರ" ಎಂದ.

ಅಂದು ಉಮ್ಮನ ಸೊಂಟದ ಬಳಿ ರೂಪಾಯಿಯಷ್ಟಗಲ ಕೆಂಪಾಗಿತ್ತು.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ತಿಳಿಸಿ ಚಿಂತೆ ಕೊಡಬಾರದೆಂದು ಅಲ್ಲಿಯವರೆಗೆ ಹೇಳಿರಲಿಲ್ಲ. ನೋಡಿ, ಇಪ್ಪತ್ತೈದು ವರ್ಷ ಎಸಿ ರಿಪೇರಿ ಮಾಡಿದ ತಮ್ಮನಿದ್ದಾನೆ, ಅಕ್ಕ ಮೊಬೈಲಿನಲ್ಲಿ ಮೆಕ್ಯಾನಿಕ್ ಹುಡುಕುತ್ತಿದ್ದಾಳೆ. ಅವನು ಬೈಯಲಿಲ್ಲ. ಒಂದೊಂದಾಗಿ ಕೇಳಿದ. ಗ್ಯಾಸ್ ಹಾಕುವ ಮೊದಲು ಎಲ್ಲಿ ಸೋರುತ್ತಿದೆ ಎಂದು ನೋಡಿದನಾ? ಸಾಬೂನು ನೀರು ಹಚ್ಚಿದನಾ? ವ್ಯಾಕ್ಯೂಮ್ ಪಂಪ್ ತಂದಿದ್ದನಾ? ಸಿಲಿಂಡರ್ ತೂಕ ಮಾಡಿದನಾ? ಎಲ್ಲಕ್ಕೂ ನನ್ನ ಉತ್ತರ ಇಲ್ಲ, ಗೊತ್ತಿಲ್ಲ.

"ಎಸಿಯ ಗ್ಯಾಸು ಸ್ಕೂಟರಿನ ಪೆಟ್ರೋಲಲ್ಲ, ಓಡಿದಷ್ಟು ಖರ್ಚಾಗಲು" ಎಂದ. "ಅದು ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ. ತೂತು ಮುಚ್ಚದೆ ತುಂಬಿದರೆ ಓಟೆ ಕೊಡಪಾನಕ್ಕೆ ನೀರು ಹಾಕಿದಂತೆ."

ಇಷ್ಟು ಸಣ್ಣ ಮಾತು! ನಮ್ಮ ಕಟ್ಟಡದಲ್ಲಿ ಹಲವು ಮನೆಗಳವರು ಪ್ರತಿ ಮಾರ್ಚ್‌ನಲ್ಲಿ "ಗ್ಯಾಸ್ ಹಾಕಿಸಿದೆವು" ಎಂದು ಹೇಳುವುದನ್ನು ಕೇಳಿದ್ದೇನೆ. ಫಿಲ್ಟರ್ ಮತ್ತು ಒಳಗಿನ ಜಾಲರಿಯಲ್ಲಿ ಧೂಳು ಕಟ್ಟಿದರೂ ತಂಪು ಕಡಿಮೆಯಾಗುತ್ತದೆ, ಕೆಪಾಸಿಟರ್ ಎಂಬ ಕೆಲವು ನೂರು ರೂಪಾಯಿಯ ಬಿಡಿಭಾಗ ಸತ್ತರೂ ಹಳೆಯ ಮಾದರಿಯ ಯಂತ್ರಗಳಲ್ಲಿ ಕಂಪ್ರೆಸರ್ ಏಳುವುದಿಲ್ಲ. ಇವೆಲ್ಲಕ್ಕೂ "ಗ್ಯಾಸ್ ಖಾಲಿ" ಅಥವಾ "ಕಂಪ್ರೆಸರ್ ಹೋಯಿತು" ಎಂಬ ಎರಡೇ ಉತ್ತರ ಸಿಗುತ್ತಿದ್ದರೆ ಮನೆಯವರು ಎಚ್ಚರವಾಗಬೇಕು ಎಂದ.

ಆಮೇಲೆ ಕೇಳಿದ, "ಹೊರಗಿನ ಯಂತ್ರ ಎಲ್ಲಿದೆ?" ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. "ಆ ಹುಡುಗ ಹಗ್ಗ ಕಟ್ಟಿಕೊಂಡಿದ್ದನಾ?" ಎಂದ. ಇಲ್ಲ ಎಂದೆ. "ಇನ್ನು ಯಾರನ್ನೂ ಹಗ್ಗವಿಲ್ಲದೆ ಅಲ್ಲಿಗೆ ಇಳಿಸಬೇಡ" ಎಂದವನ ಸ್ವರ ಬೇರೆಯಾಗಿತ್ತು. ಹಿಂದೆ ತನ್ನ ರೂಮಿನಲ್ಲಿದ್ದು, ಈಗ ಊರಿಗೆ ಬಂದು ಉಳ್ಳಾಲದಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟಿರುವ ಒಬ್ಬರ ನಂಬರ್ ಕೊಟ್ಟ.

ಮರುದಿನ ಅಸರ್‌ಗೆ ಮೊದಲೇ ಅವರು ಬಂದರು. ಅರವತ್ತರ ಆಸುಪಾಸಿನವರು, ಜೊತೆಗೆ ಅಳಿಯ. ಅಳಿಯ ಐಟಿಐಯಲ್ಲಿ ಎರಡು ವರ್ಷ ಇದೇ ವಿದ್ಯೆ ಕಲಿತವನು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರಿಗೆ ಇಷ್ಟವಾಗದು. ನಾವೆಲ್ಲ ಕಾಕ ಎಂದೇ ಕರೆಯುತ್ತೇವೆ. ಮೊದಲು ಉಮ್ಮನ ಬಳಿ ಹೋಗಿ ಸಲಾಂ ಹೇಳಿ, "ನಾನು ನಿಮ್ಮ ಮಗನ ಜೊತೆ ಒಂದೇ ಬಟ್ಟಲಲ್ಲಿ ಉಂಡವನು" ಎಂದರು. ಉಮ್ಮನ ಬಲಗಣ್ಣಲ್ಲಿ ನೀರು ಇಳಿಯಿತು.

ಕಿಟಕಿಯಿಂದ ಬಗ್ಗಿ ನೋಡಿ ಕಾಕ ತಲೆ ಅಲ್ಲಾಡಿಸಿದರು. ಉಪ್ಪುಗಾಳಿಗೆ ಕಬ್ಬಿಣದ ಆಧಾರಗಳು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದ್ದವಂತೆ. ಅಳಿಯ ಸೊಂಟಕ್ಕೆ ಬೆಲ್ಟ್ ಕಟ್ಟಿ, ಹಗ್ಗವನ್ನು ಒಳಗೆ ಕಾಂಕ್ರೀಟಿನ ಕಂಬಕ್ಕೆ ಸುತ್ತಿ ಇಳಿದ. ಪೈಪು ಯಂತ್ರಕ್ಕೆ ಸೇರುವ ನಟ್ಟಿನ ಮೇಲೆ ಸಾಬೂನು ನೊರೆ ಹಚ್ಚಿದ. ಗುಳ್ಳೆಗಳು ಎದ್ದವು. ಅಷ್ಟೇ ಇದ್ದದ್ದು. ಕಂಪ್ರೆಸರಿಗೆ ಏನೂ ಆಗಿರಲಿಲ್ಲ.

ಕಾಕ ಗ್ಯಾಸ್ ತುಂಬಲು ಅವಸರ ಮಾಡಲಿಲ್ಲ. "ಟೀಚರ್, ಮೊದಲು ಈ ಯಂತ್ರವನ್ನು ಅಲ್ಲಿಂದ ತೆಗೆಯೋಣ. ಬಾಲ್ಕನಿಗೆ ತನ್ನಿ. ಬಟ್ಟೆ ಒಣಗಿಸಲು ಸ್ವಲ್ಪ ಜಾಗ ಕಡಿಮೆಯಾಗುತ್ತದೆ, ಅಷ್ಟೆ. ಮುಂದೆ ಯಾರೇ ಬಂದರೂ ನೆಲದ ಮೇಲೆ ನಿಂತು ಕೆಲಸ ಮಾಡಬಹುದು" ಎಂದರು. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಬಾಯಿ ಅಗಲಿಸಿ ಜೋಡಿಸಿದರು. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿದರು. ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆದು ತೆಗೆಯಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಯಂತ್ರದ ಫಲಕದಲ್ಲಿ ಬರೆದಷ್ಟು ಗ್ರಾಂ, ಪೈಪು ಉದ್ದವಾದದ್ದಕ್ಕೆ ಇನ್ನೊಂದಿಷ್ಟು. ನಮ್ಮದು ಆರ್-32 ಎಂಬ ಗ್ಯಾಸು. ಹಳೆಯ ಆರ್-22ರಂತೆ ಓಝೋನ್ ಪದರವನ್ನು ತಿನ್ನುವುದಿಲ್ಲ, ಆದರೆ ಅಲ್ಪಸ್ವಲ್ಪ ಉರಿಯುವ ಗುಣವಿದೆ. ಆದ್ದರಿಂದ ಹತ್ತಿರ ಬೀಡಿ ಸೇದುತ್ತ ಕೆಲಸ ಮಾಡುವವರನ್ನು ಕಂಡರೆ ಹೊರಗೆ ಕಳಿಸಿ ಎಂದು ಕಾಕ ಹೇಳಿದರು. ಒಟ್ಟು ಬಿಲ್ಲು ಆರು ಸಾವಿರದ ಇನ್ನೂರು, ಪೈಪು ವಯರು ಎಲ್ಲ ಸೇರಿ.

ನಾನು ಆ ಹುಡುಗನನ್ನು ಬೈಯತೊಡಗಿದೆ. ಕಾಕ ತಡೆದರು. "ಬೈಯಬೇಡಿ ಟೀಚರ್. ನೋಡಿ ಹೋಗುವುದಕ್ಕೆ ಅವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ಗ್ಯಾಸ್ ಹಾಕಿದರೆ ಕಮಿಷನ್. ಪಂಪ್ ಕೊಟ್ಟಿಲ್ಲ, ಬೆಲ್ಟ್ ಕೊಟ್ಟಿಲ್ಲ. ಕಲಿಸಿದವರೂ ಇಲ್ಲ. ಆದರೂ ನಿಮಗಾಗಿ ಅಲ್ಲಿ ಇಳಿದನಲ್ಲ." ಮೋಸ ಮೋಸವೇ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಹವಾಯಿ ಚಪ್ಪಲಿಯ ಆ ಕಾಲು ನೆನಪಾಗಿ ಬಾಯಿ ಮುಚ್ಚಿತು. ಅವನು ಬಿದ್ದಿದ್ದರೆ?

ಚಹಾ ಕುಡಿಯುವಾಗ ನಾನು ಸುಮ್ಮನೆ ಕೇಳಿದೆ, "ಅಲ್ಲಿ ನಿಮ್ಮ ಕೆಲಸ ಆಫೀಸುಗಳಲ್ಲಾ?" ಕಾಕ ನಕ್ಕರು. "ಕೆಲಸ ಟೆರೇಸಿನಲ್ಲಿ. ಒಳಗಿರುವುದು ತಂಪು ಕೊಡುವ ತುದಿ, ನಾವಿರುವುದು ಬಿಸಿ ಕಕ್ಕುವ ತುದಿಯಲ್ಲಿ. ಸುತ್ತ ಇಪ್ಪತ್ತು ಮೂವತ್ತು ಯಂತ್ರಗಳು ಬಿಸಿ ಗಾಳಿ ಊದುತ್ತಿರುತ್ತವೆ, ಮೇಲೆ ಆಗಸ್ಟಿನ ಬಿಸಿಲು. ಪಾನ ಬರಿಗೈಯಲ್ಲಿ ಹಿಡಿಯಲಾಗದು." ಈಗ ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಆಗ ಅವರ ಕಂಪೆನಿಯಲ್ಲಿ ಅಂಥದ್ದೇನೂ ಇರಲಿಲ್ಲವಂತೆ.

"2006ರಲ್ಲಿ ನಿಮ್ಮ ತಮ್ಮ ಟೆರೇಸಿನಲ್ಲೇ ಬಿದ್ದನಲ್ಲ" ಎಂದರು ಕಾಕ. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. ಲೋಟ ಕೆಳಗಿಟ್ಟರು. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. ಪ್ರಜ್ಞೆ ಇಲ್ಲದೆ ಎರಡು ದಿನ, ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಊರಿಗೆ ತಿಳಿಸಬಾರದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದ. ಆ ತಿಂಗಳ ಸಂಬಳ ಅರ್ಧವೂ ಬರಲಿಲ್ಲ.

ಆ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲ. ಹಂಚಿನ ಮನೆಯ ಪಕ್ಕಾಸು ಮುರಿದು ಅಡುಗೆಮನೆಗೆ ನೀರು ಬರುತ್ತಿತ್ತು. ಹಣ ಬರಲಿಲ್ಲವೆಂದು ಉಮ್ಮ ಅಳುತ್ತಿದ್ದರು. ಬಹಳ ದಿನಗಳ ಮೇಲೆ ಅವನ ಫೋನ್ ಬಂದಾಗ ರಿಸೀವರ್ ಕಸಿದುಕೊಂಡವಳು ನಾನು. "ನಿನಗೇನು, ಎಸಿಯಲ್ಲಿ ಕೂತಿದ್ದೀ. ನಾವಿಲ್ಲಿ ನೆನೆಯುತ್ತಿದ್ದೇವೆ" ಎಂದಿದ್ದೆ. ಅವನು, "ಮುಂದಿನ ತಿಂಗಳು ಎರಡೂ ಸೇರಿಸಿ ಕಳಿಸುತ್ತೇನೆ" ಎಂದಿದ್ದ. ಕಳಿಸಿದ್ದ.

ಕಾಕ ಹೊರಡುವಾಗ, ತಾನು ಹೇಳಿದೆನೆಂದು ಅವನಿಗೆ ಹೇಳಬೇಡಿ ಎಂದರು. ನಾನು ಹೇಳಿಲ್ಲ. ಅವನು ಕನ್ನಡ ಪತ್ರಿಕೆ ಓದುವವನಲ್ಲ, ಆ ಧೈರ್ಯದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಇಶಾ ಕಳೆದು ಅವನ ಫೋನ್ ಬಂತು. "ತಂಪಾಯಿತಾ?" ಎಂದ. ನನಗೆ ಗಂಟಲು ಕಟ್ಟಿತ್ತು. ಮಾತಾಡದೆ ಬಾಲ್ಕನಿಗೆ ಹೋಗಿ ಮೊಬೈಲನ್ನು ಹೊರಗಿನ ಯಂತ್ರದ ಹತ್ತಿರ ಹಿಡಿದೆ. ಅವನು ಕಿವಿಗೊಟ್ಟು ಕೇಳಿದ.

"ಸದ್ದು ಸರಿಯಾಗಿದೆ" ಎಂದ. "ಇಪ್ಪತ್ತಾರರಲ್ಲಿಟ್ಟು ಫ್ಯಾನ್ ಹಾಕು, ಉಮ್ಮನಿಗೆ ನೇರವಾಗಿ ಗಾಳಿ ಬಡಿಯುವುದು ಬೇಡ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳಿ."

ಒಳಗೆ ಬಂದು ರಿಮೋಟ್ ಇಪ್ಪತ್ತಾರಕ್ಕೆ ಒತ್ತಿದೆ. ಉಮ್ಮನ ಮಗ್ಗುಲು ಬದಲಿಸುವ ಹೊತ್ತಾಗಿತ್ತು.