ಮಾವನವರ ಸ್ವೆಟರಿನ ಕತ್ತು

ಮೊನ್ನೆ ಪಕ್ಕದ ಮನೆಯ ಹುಡುಗಿ ಅರ್ಧ ಹೆಣೆದ ಸ್ವೆಟರು ಹಿಡಿದುಕೊಂಡು ಅಳುಮೋರೆಯಲ್ಲಿ ಬಂದಳು. "ಆಂಟಿ, ಎಂಟು ಸಾಲು ಕೆಳಗೆ ಒಂದು ಕುಣಿಕೆ ಜಾರಿಹೋಗಿದೆ. ಎಲ್ಲಾ ಬಿಚ್ಚಿಬಿಡ್ಲಾ?"

"ಬಿಚ್ಚಬೇಡ ಮಾರಾಯ್ತಿ, ಮೊದಲು ಕೂತ್ಕೋ" ಎಂದೆ.

ಒಂದು ಕಾಲಕ್ಕೆ ನಾನೂ ಹೀಗೇ ಇದ್ದೆ. ನನ್ನ ತವರು ಕುಂದಾಪುರದ ಕಡೆ. ಅಲ್ಲಿ ಸ್ವೆಟರು ಹಾಕಿದವರನ್ನು ಕಂಡರೆ "ಜ್ವರವಾ?" ಎಂದು ಕೇಳುತ್ತಾರೆ! 1981ರಲ್ಲಿ ಮದುವೆಯಾಗಿ ಮಲವಗೊಪ್ಪಕ್ಕೆ ಬಂದ ಮೇಲೆಯೇ ಮಾಗಿಯ ಚಳಿ ಎಂದರೇನೆಂದು ತಿಳಿದದ್ದು. ಬೆಳಗಿನ ಹೊತ್ತು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸು ಮಂಜಿನೊಳಗೆ ಕಾಣುತ್ತಲೇ ಇರಲಿಲ್ಲ, ಬರೀ ಎರಡು ದೀಪ. ನಮ್ಮವರಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಮಾವನವರು ಕಾಗದದ ಕಾರ್ಖಾನೆಯಿಂದ ನಿವೃತ್ತರಾಗಿದ್ದರು, ಜೊತೆಗೆ ಉಬ್ಬಸ. ಎದುರುಮನೆಯ ಅಕ್ಕ ಒಂದು ಜೊತೆ ಕಡ್ಡಿ ಕೊಟ್ಟು ಹೆಣಿಗೆ ಕಲಿಸಿದರು.

ಮೊದಲು ಮಾಡಿದ್ದು ಮಫ್ಲರು. ಶುರುವಿನಲ್ಲಿ ಗೇಣಗಲ ಇದ್ದದ್ದು ಕೊನೆಯಲ್ಲಿ ಮೊಳ ಅಗಲವಾಯಿತು! ಸಾಲಿನ ಆರಂಭದಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ, ನಾವು ಎರಡನ್ನೂ ಹೆಣೆದುಬಿಡುತ್ತೇವೆ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತಂದರೆ ಈ ಕಾಟವಿಲ್ಲ. ಐದಾರು ಸಾಲಿಗೊಮ್ಮೆ ಎಣಿಸುವುದನ್ನಂತೂ ಬಿಡಬೇಡಿ.

ಹುಡುಗಿಯ ಕುಣಿಕೆಗೆ ಬರೋಣ. ಜಾರಿದ್ದು ಇನ್ನೂ ಕೆಳಗಿಳಿಯದಂತೆ ಮೊದಲು ಒಂದು ಪಿನ್ನು ಚುಚ್ಚಿದೆ. ಆಮೇಲೆ ಅದರ ನೇರಕ್ಕೆ ಬರುವ ತನಕ ಸಾಲು ಹೆಣೆದೆ. ಜಾರಿದ ಕುಣಿಕೆಯ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಸ್ವೆಟರಿನ ಒಳ್ಳೆಯ ಮಗ್ಗುಲನ್ನು ಎದುರಿಗಿಟ್ಟುಕೊಂಡು ಕ್ರೋಶಾ ಕಡ್ಡಿಯನ್ನು ಕುಣಿಕೆಯೊಳಗೆ ಮುಂದಿನಿಂದ ತೂರಿಸಿ, ತೀರ ಕೆಳಗಿನ ಎಳೆಯನ್ನು ಹಿಡಿದು ಈಚೆಗೆಳೆಯಬೇಕು. ಹಾಗೇ ಒಂದೊಂದೇ ಎಳೆ ಹತ್ತಿಸಿ ಕೊನೆಗೆ ಎಡಗಡ್ಡಿಗೆ ಏರಿಸಬೇಕು. ಕುಣಿಕೆಯ ಬಲಗಾಲು ಕಡ್ಡಿಯ ಮುಂದಿರಲಿ, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಸೀದಾ ಹೆಣೆಯುವಲ್ಲಿ ಉಲ್ಟಾ ಹೆಣೆದಿದ್ದರೂ ಇದೇ ಉಪಾಯ: ಆ ಒಂದೇ ಕುಣಿಕೆಯನ್ನು ಬೇಕೆಂದೇ ಅಲ್ಲಿಯವರೆಗೆ ಇಳಿಸಿ, ಮತ್ತೆ ಹತ್ತಿಸಿ. ಹಾಲು ಕಾಯುವಷ್ಟರಲ್ಲಿ ಕೆಲಸ ಮುಗಿಯಿತು. ಹುಡುಗಿಯ ಮುಖವೂ ಅರಳಿತು.

ಬಿಚ್ಚಲೇಬೇಕಾದರೆ, ಎಲ್ಲಿಯವರೆಗೆ ಬಿಚ್ಚಬೇಕೋ ಆ ಸಾಲಿನ ಬಲಗಾಲುಗಳೊಳಗೆ ತೆಳುವಾದ ಇನ್ನೊಂದು ಕಡ್ಡಿ ಪೋಣಿಸಿಕೊಂಡು ಎಳೆಯಿರಿ, ಅಲ್ಲಿಗೆ ಬಂದು ನಿಲ್ಲುತ್ತದೆ. ಬಿಚ್ಚಿದ ಉಣ್ಣೆಯನ್ನು ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೆರಳಲ್ಲಿ ತೂಗುಹಾಕಿದರೆ ಸುಕ್ಕು ಬಿಡುತ್ತದೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಆಕ್ರಿಲಿಕ್ ನೂಲಿಗೆ ಇಷ್ಟು ಗುಣವಿಲ್ಲ. ಅದಕ್ಕೆ ಬಿಸಿ ಇಸ್ತ್ರಿಯನ್ನಂತೂ ತಾಗಿಸಲೇಬೇಡಿ.

ಇಷ್ಟೆಲ್ಲಾ ಕಲಿತ ಮೇಲೆ 1983ರಲ್ಲಿ ಮಾವನವರಿಗೆ ತುಂಬುತೋಳಿನ ಸ್ವೆಟರು ಹೆಣೆದೆ, ಬೂದು ಬಣ್ಣದ್ದು. ಒಂದು ಕುಣಿಕೆಯೂ ತಪ್ಪಿರಲಿಲ್ಲ. "ಚೆನ್ನಾಗಿದೆ ಕಣಮ್ಮಾ, ಬೆಚ್ಚಗಿದೆ" ಎಂದರು. ಆದರೆ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ, ಎದೆಯ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಹೊಸದೆಂದು ಜೋಪಾನ ಮಾಡುತ್ತಾರೆ ಎಂದುಕೊಂಡು ಒಳಗೊಳಗೇ ಬೀಗಿದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಅನ್ನುತ್ತಾರೆ. ಅದಕ್ಕೂ ಮೊದಲೇ ಮಾವನವರು ಹೋದರು. ಕರ್ಮಗಳೆಲ್ಲ ಮುಗಿದ ಮೇಲೆ ಅತ್ತೆ ಸ್ವೆಟರನ್ನು ನನ್ನ ಕೈಗಿಟ್ಟರು. "ಇದರ ಕತ್ತು ಅವರ ತಲೆಗೆ ಹಿಡಿಸಲೇ ಇಲ್ಲಮ್ಮ. ಹುಡುಗಿ ನೊಂದ್ಕೋತಾಳೆ, ಹೇಳಬೇಡ ಅಂದಿದ್ರು."

ಎದುರುಮನೆಯ ಅಕ್ಕ ನೋಡಿ, "ಕತ್ತು ಮುಚ್ಚಿದ ಸಾಲು ಬಿಗಿಯಾಗಿದೆ, ಅಷ್ಟೇ" ಎಂದರು. ಕತ್ತಿನ ಪಟ್ಟಿಯನ್ನು 12ನೇ ನಂಬರಿನ ಕಡ್ಡಿಯಲ್ಲಿ ಹೆಣೆದು, ಅಂದವಾಗಿರಲೆಂದು ಅದೇ ಕಡ್ಡಿಯಲ್ಲಿ ಎಳೆದೆಳೆದು ಮುಚ್ಚಿದ್ದೆ. ನಮ್ಮ ಈ ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ತೆಳು. ಭುಜದ ಬಳಿ ಪಟ್ಟಿ ಸೇರಿಸಿದ ಹೊಲಿಗೆ ಬಿಚ್ಚಿ, ಮುಚ್ಚಿದ ಆ ಒಂದೇ ಸಾಲನ್ನು ಅದು ಮುಗಿದ ತುದಿಯಿಂದ ಬಿಡಿಸಿ, ಕುಣಿಕೆಗಳನ್ನು ಕಡ್ಡಿಗೇರಿಸಿ, 8ನೇ ನಂಬರಿನ ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚಿದೆವು. ಒಂದು ಗಂಟೆ ಹಿಡಿಯಿತೋ ಇಲ್ಲವೋ. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಒಂದು ದಿನವಾದರೂ ತಲೆಗೆ ತೂರಿಸಿ ನೋಡಿ ಎಂದು ನಾನು ಕೇಳಲಿಲ್ಲವಲ್ಲ!

ಆಮೇಲೆ ಆ ಸ್ವೆಟರನ್ನು ನಮ್ಮವರು ರಾತ್ರಿ ಪಾಳಿಗೆ ಮೊಣಕೈ ಹರಿಯುವ ತನಕ ಹಾಕಿದರು. ಅಂದಿನಿಂದ ನಾನು ಕತ್ತಿನ ಪಟ್ಟಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ತಲೆ ತೂರುತ್ತದೆಯೇ ಎಂದು ನೋಡಿಯೇ ನೂಲಿನ ತುದಿ ಸೇರಿಸುವುದು.

ಹುಡುಗಿ ಹೆಣೆಯುತ್ತಿರುವುದು ಅವಳ ಅಪ್ಪನಿಗಂತೆ. ಕತ್ತು ಮುಚ್ಚುವ ದಿನ ಅಪ್ಪನನ್ನೂ ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ.