ತವರಿನ ಜಾತಿ, ಗಂಡನ ರಾಜ್ಯ



ನಮ್ಮ ಮುಡಬಿ ಕಡೆ ಉದಗೀರದಿಂದ ಸೊಸೆಯಂದಿರು ಬರೋದು ಹೊಸದಲ್ಲ. ಉದಗೀರ 1956ರ ತನಕ ಬೀದರ ಜಿಲ್ಲೆಯೊಳಗೇ ಇತ್ತು. ಆಮೇಲೆ ಗಡಿ ಬಿತ್ತು, ಬೀಗತನ ನಿಲ್ಲಲಿಲ್ಲ.

ಅಲ್ಲಿಂದ ಬಂದ ನಮ್ಮ ಓಣಿಯ ವೈನಿಯೊಬ್ಬರು ಪಂಚಾಯ್ತಿಯ ಮೀಸಲು ಸೀಟಿಗೆ ನಿಲ್ಲಬೇಕಂತ ಜಾತಿ ಪ್ರಮಾಣಪತ್ರ ಕೇಳಿದರು. 'ನೀವು ಮಹಾರಾಷ್ಟ್ರದವರು' ಅಂದುಬಿಟ್ಟರು. ಆಧಾರ್, ರೇಷನ್, ವೋಟು ಎಲ್ಲಾ ಇಲ್ಲೇ. ಎಸ್‌ಸಿ ಮಾತ್ರ ಅಲ್ಲೇ!

ಕಾನೂನೂ ಹಂಗೇ ಅದ. ಪಂಜಾಬಿನ ವಾಲ್ಮೀಕಿ ಹೆಣ್ಣುಮಗಳು ರಂಜನಾ ಕುಮಾರಿ ಮದುವೆಯಾಗಿ ಉತ್ತರಾಖಂಡಕ್ಕೆ ಹೋದವರು. ಎರಡೂ ರಾಜ್ಯದ ಪಟ್ಟಿಯಲ್ಲಿ ಆ ಜಾತಿ ಇದ್ದರೂ ಗಂಡನ ರಾಜ್ಯದಲ್ಲಿ ಮೀಸಲಾತಿ ಇಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈಗ ನೋಡ್ರಿ, ಭಾರತೀಯನನ್ನು ಮದುವೆಯಾದ ವಿದೇಶಿ ಹೆಣ್ಣು ಇಲ್ಲಿ 7 ವರ್ಷ ನೆಲೆಸಿದರೆ 1955ರ ಕಾಯ್ದೆಯಡಿ ಪೌರತ್ವಕ್ಕೇ ಅರ್ಜಿ ಹಾಕಬಹುದು. ನಮ್ಮ ವೈನಿಗೆ ಇಡೀ ಜನ್ಮ ಇಲ್ಲೇ ಬಾಳಿದರೂ ಅಂಥ ದಾರಿ ಇಲ್ಲ. ಅಸ್ಪೃಶ್ಯತೆ ಮಾತ್ರ ಯಾವ ಸರ್ಟಿಫಿಕೇಟೂ ಕೇಳದೆ ಗಡಿ ದಾಟ್ತದ.

ತವರಿನ ಪ್ರಮಾಣಪತ್ರ ಜೋಪಾನ ಇಡ್ರಿ, ಕೇಂದ್ರ ಸರ್ಕಾರದ ನೌಕರಿಗೆ ನಡೀತದ. ಮಕ್ಕಳಿಗೆ ತಂದೆಯ ಕಡೆಯಿಂದ ಇಲ್ಲೇ ಮಾಡಿಸ್ರಿ.

ನಮ್ಮ ಬೇಡಿಕೆ ಒಂದೇ: ಎರಡೂ ಪಟ್ಟಿಯಲ್ಲಿರುವ ಜಾತಿಯ ಸೊಸೆಗೆ ನೆಲೆಸಿದ ರಾಜ್ಯದಲ್ಲೂ ಹಕ್ಕು ಸಿಗಬೇಕು.