ಬೇಯುವ ತನಕದ ಬಿಡುವು

ಭಾನುವಾರವನ್ನು ಬಿಡುವಿನ ದಿನವೆಂದು ಎಣಿಸುವ ರೂಢಿ ಕಚೇರಿ, ಶಾಲೆ, ಕಾರ್ಖಾನೆಗಳಿಂದ ಮನೆಗೆ ಬಂದದ್ದೇ ಹೊರತು ಹೊಲದಿಂದ ಬಂದದ್ದಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ರಾಮನಗರ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಎರಡು ಬಗೆಯ ಬಿಡುವುಗಳು ಒಂದೇ ಸೂರಿನಡಿ ಬಾಳುತ್ತಿವೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆ ಮರಳುವ ಮಗನಿಗೋ ಸೊಸೆಗೋ ವಾರದ ಕೊನೆ ಗೊತ್ತಾದ ರಜೆಯಾದರೆ, ಹಿಪ್ಪುನೇರಳೆ ತೋಟವನ್ನು ನಂಬಿದ ಹಿರಿಯರಿಗೆ ರಜೆ ಕೊಡುವುದು ರೇಷ್ಮೆ ಹುಳು.

ಮೊಟ್ಟೆಯೊಡೆದ ಮರಿ ಗೂಡು ಕಟ್ಟುವ ಹಂತಕ್ಕೆ ಬರಲು ಸುಮಾರು 25 ದಿನ ಬೇಕು. ಆ ಅವಧಿಯಲ್ಲಿ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ; ಮೇವು ಬಿಟ್ಟು ಮಲಗುವ ಆ ಹೊತ್ತನ್ನು ಸಾಕುವವರು ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಎಷ್ಟೆಂದರೆ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಕೊನೆಯ ಒಂದು ವಾರದಲ್ಲೇ ಮುಗಿಯುತ್ತದೆ. ಆಗ ಮನೆಮಂದಿಗೆಲ್ಲ ಸೊಪ್ಪು ಕೊಯ್ಯುವುದು, ಹಾಕುವುದು ಬಿಟ್ಟರೆ ಬೇರೆ ಧ್ಯಾನವಿಲ್ಲ. ಹೊಗೆಯೂ ಘಾಟೂ ಹುಳುವಿಗೆ ಆಗಿಬರುವುದಿಲ್ಲವಾದ್ದರಿಂದ, ಸಾಕಣೆ ಮನೆಯೊಳಗೇ ನಡೆಯುವ ಕಡೆ ಬಾಣಲೆಯಿಟ್ಟು ತಿಂಡಿ ಕರಿಯುವ ಮಾತೂ ದೂರ. ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಎಂದರೆ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟೆಗೆ ಬಿಟ್ಟು, ಕಟ್ಟಿದ ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಿದ ಮೇಲೆ, ಮುಂದಿನ ಚಾಕಿ, ಅಂದರೆ ಎಳೆಯ ಹುಳು, ಮನೆಗೆ ಬರುವ ತನಕದ ದಿನಗಳೇ ಆ ಮನೆಯ ನಿಜವಾದ ವಾರಾಂತ್ಯ.

ಇಂಥ ಬಿಡುವಿನ ತಿಂಡಿಯೆಂದರೆ ಬಹುಕಾಲ ಎಣ್ಣೆಯ ತಿಂಡಿಯೇ ಆಗಿತ್ತು: ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ, ಚಳಿಗಾಲದಲ್ಲಿ ಮಾಗಡಿ ಕಡೆಯ ಸೊಗಡಿನ ಅವರೆಯನ್ನು ಹಿತುಕಿ ಕರಿದ ಬೇಳೆ. ಕರಿಯುವ ಕೆಲಸದ ಸ್ವಭಾವವೇ ಒಬ್ಬರನ್ನು ಒಲೆಯ ಮುಂದೆ ಕಟ್ಟಿಹಾಕುವಂಥದು. ಬಾಣಲೆಯಿಂದ ಕಣ್ಣು ತೆಗೆದರೆ ಸೀದುಹೋಗುತ್ತದೆ. ಹೊರಗೆ ಜಗಲಿಯಲ್ಲಿ ಕುಳಿತವರು ಬಿಸಿಬಿಸಿಯಾಗಿ ತಿಂದು ಮುಗಿಸುವ ಹೊತ್ತಿಗೂ ಕರಿದವರ ಸರದಿ ಬಂದಿರುವುದಿಲ್ಲ.

ಹಬೆಯೂ ಎಣ್ಣೆಯೂ ಇಲ್ಲದೆ ಒಣಶಾಖದಲ್ಲಿ ಬೇಯಿಸುವ ಬೇಕರಿಯ ವಿಧಾನ ಈ ಸೀಮೆಗೆ ಹತ್ತಿರವಾದದ್ದು ಅಯ್ಯಂಗಾರ್ ಬೇಕರಿಗಳಿಂದ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬೇಕರಿಯಿಂದ ಬೆಳೆದ ಈ ಪರಂಪರೆ, ಮೊಟ್ಟೆಯಿಲ್ಲದ ಬ್ರೆಡ್ಡಿಗೂ ಹಸಿಮೆಣಸಿನಕಾಯಿ ಬೆರೆತ ಖಾರ ಬಿಸ್ಕತ್ತಿಗೂ ಹೆಸರಾಗಿ ಊರೂರಿಗೆ ಹಬ್ಬಿತು. ಓವನ್ ಇಲ್ಲದ ಮನೆಗಳು ಆ ರುಚಿಯನ್ನು ಪ್ರೆಶರ್ ಕುಕ್ಕರಿನಲ್ಲಿ ಇಳಿಸಿಕೊಂಡವು. ತಳಕ್ಕೆ ಒಂದು ಪದರ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದ ಮುಚ್ಚಳ ಹಾಕಿ, ನೀರು ಹಾಕದೆ ಹತ್ತು ನಿಮಿಷ ಕಾಯಿಸಿದರೆ ಅದೇ ಪುಟ್ಟ ಭಟ್ಟಿಯಾಗುತ್ತದೆ.

ರಾಗಿಯ ನಾಡಿನಲ್ಲಿ ಬಿಸ್ಕತ್ತಿಗೂ ರಾಗಿ ಸೇರುವುದು ಸಹಜವಾದರೂ, ಹಿಟ್ಟನ್ನು ಹಿಡಿದು ನಿಲ್ಲಿಸುವ ಗ್ಲುಟೆನ್ ಎಂಬ ಅಂಟು ರಾಗಿಯಲ್ಲಿ ಇಲ್ಲದ ಕಾರಣ ಬರಿಯ ರಾಗಿಯ ಬಿಸ್ಕತ್ತು ಕೈಯಲ್ಲೇ ಪುಡಿಯಾಗುತ್ತದೆ. ಆದ್ದರಿಂದ ಸಮಪಾಲು ಗೋಧಿ ಹಿಟ್ಟು ಬೆರೆಸಿ, ಬೆಣ್ಣೆ, ಉಪ್ಪು, ಚಿಟಿಕೆ ಸೋಡಾ, ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು ಹಾಕಿ, ಒಂದೆರಡು ಚಮಚ ಮೊಸರಿನಲ್ಲಿ ನಾದದೆ ಹಗುರವಾಗಿ ಕೂಡಿಸುತ್ತಾರೆ. ಲಟ್ಟಿಸಿದ ಹಿಟ್ಟನ್ನು ಡಬ್ಬಿಯ ಮುಚ್ಚಳದಿಂದ ಬಿಲ್ಲೆಯಾಗಿ ಕತ್ತರಿಸುವ ಕೆಲಸ ಮಕ್ಕಳದು. ಚನ್ನಪಟ್ಟಣದ ಸುತ್ತಿನ ಮನೆಗಳಲ್ಲಿ, ಆಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ ತಯಾರಿಸಿದ ಆಟದ ಲಟ್ಟಣಿಗೆಯೂ ಆ ಹೊತ್ತಿಗೆ ಆಟ ಬಿಟ್ಟು ಕೆಲಸಕ್ಕೆ ಇಳಿಯುವುದುಂಟು. ಇಪ್ಪತ್ತೈದು ನಿಮಿಷ ಸಣ್ಣ ಉರಿಯಲ್ಲಿ ಬೆಂದ ಬಿಲ್ಲೆ ಹೊರಬಂದಾಗ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಟ್ಟವರು ಕರಕಲು ತಿನ್ನಬೇಕಾಗುತ್ತದೆ, ಏಕೆಂದರೆ ಅದಕ್ಕೆ ಗರಿಗರಿ ಬರುವುದು ಆರಿದ ಮೇಲೆಯೇ.

ಮುಚ್ಚಿಟ್ಟ ಕುಕ್ಕರಿನ ಮುಂದೆ ಯಾರೂ ನಿಲ್ಲಬೇಕಾಗಿಲ್ಲವೆಂಬುದೇ ಈ ತಿಂಡಿಯ ಹೆಚ್ಚುಗಾರಿಕೆ. ಹಾಗೆಂದು ಕಲಸಿದ ಪಾತ್ರೆಯನ್ನು ತೊಳೆಯುವವರು ಯಾರೆಂಬ ಹಳೆಯ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಿತೆನ್ನಲಾಗದು. ಆದರೂ ಕನಕಪುರದ ತೋಟದ ಮನೆಯಲ್ಲಾಗಲಿ ರಾಮನಗರದ ಬಾಡಿಗೆ ಮನೆಯಲ್ಲಾಗಲಿ, ಮಾಡುವವರಿಗೂ ತಿನ್ನುವವರಿಗೂ ಒಂದೇ ವೇಳೆಗೆ ಕೈ ಬಿಡುವಾಗುತ್ತದೆ, ಒಂದೇ ತಟ್ಟೆಯಿಂದ ಒಂದೇ ವೇಳೆಗೆ ತಿನ್ನುವುದು ಸಾಧ್ಯವಾಗುತ್ತದೆ. ಕುಟುಂಬದ ಬಿಡುವನ್ನು ಅಳೆಯಬೇಕಾದದ್ದು ರಜೆಯ ದಿನಗಳಿಂದಲ್ಲ, ಮನೆಯಲ್ಲಿ ಎಷ್ಟು ಜನರಿಗೆ ಏಕಕಾಲಕ್ಕೆ ಅದು ದಕ್ಕಿತೆಂಬುದರಿಂದ.